ಪೆಟ್ಟಿಗೆಯ ಆಚೆ ಬದಿಯ ಕೈಗಳು

ತೊಡೆಯ ಮೇಲಿನ ಮಗು ನನ್ನನ್ನು ನೋಡುತ್ತಿಲ್ಲ, ನನ್ನ ಭುಜದ ಹಿಂದೆ ನೋಡಿ ನಗುತ್ತಿದೆ, ಹಿಂದೆ ಜಗಲಿಯ ಗೋಡೆ ಬಿಟ್ಟರೆ ಏನಿದೆ, ಮೇಲೆ ಪ್ರೇತ ಬಾರದಿರಲೆಂದು ನೀಲಿ ಬಳಿದ ಚಾವಣಿ, ಮೊದಲೇ ಒಳಗಿರುವವರನ್ನು ಬಣ್ಣ ಏನು ಮಾಡೀತು — ಡೋರ್ಕಸಜ್ಜಿಗೆ ನೂರು ತುಂಬಿತು, ಚಪ್ಪಾಳೆ ಹೊಡೀರೋ, ಯಾರೋ ನನ್ನ ಕಡೆ ನೋಡಿ ಕೂಗುತ್ತಾರೆ, ಮೊಮ್ಮಗಳು ಲಟೋನ್ಯ ಸಿಹಿಗೆಣಸಿನ ಪೈಯ ಗಟ್ಟಿ ಅಂಚನ್ನು ತಾನು ತಿಂದು ಮೆತ್ತಗಿನದನ್ನು ನನ್ನ ತಟ್ಟೆಗೆ ಹಾಕುತ್ತಾಳೆ, ಅವಳಿಗೆ ಇವತ್ತೇ ಹೇಳಬೇಕು, ನಾನು ಸತ್ತಾಗ ನಿನ್ನ ಕೂಸು ಈ ನಾಯಾಳನ್ನು ನನ್ನ ಶವಪೆಟ್ಟಿಗೆಯ ಮೇಲಿಂದ ಈಚೆಯಿಂದ ಆಚೆಗೆ ದಾಟಿಸಿ, ದಾಟಿಸದ ಮಗುವನ್ನು ಸತ್ತವರು ಬಿಡುವುದಿಲ್ಲ, ಬೈನಾ ನನ್ನನ್ನು ಬಿಟ್ಟಳೇ — ಮುತ್ತಜ್ಜಿ ಬೈನಾ, ಗುಲಾಮಳಾಗಿ ಹುಟ್ಟಿದವಳು, ದ್ವೀಪಕ್ಕೆ ಆಗ ಸೇತುವೆ ಇಲ್ಲ, ಓಕ್ ಮರದಡಿ ಅವಳ ಪೆಟ್ಟಿಗೆ, ಆಚೆ ಬದಿಯಲ್ಲಿ ಚಾಚಿದ ಎರಡು ಕೈ, ನಾನೂ ಚಿಕ್ಕಪ್ಪನ ಮಗಳು ವಯೋಲಳೂ ಒಂದೇ ಥರದ ಬಿಳಿ ಅಂಗಿಯಲ್ಲಿ, ವಯೋಲಳನ್ನು ದಾಟಿಸಿದರು, ಅವಳು ಸುತ್ತಿ ಬಂದು ನನ್ನ ಮುಂದೆ ನಿಂತಳು, ನಾನೆಂದುಕೊಂಡು ಮತ್ತೆ ಅವಳನ್ನೇ ಎತ್ತಿದರು, ಎರಡೂ ಮಕ್ಕಳದ್ದು ಆಯ್ತಲ್ಲ, ಪೆಟ್ಟಿಗೆ ಇಳಿಸ್ರಪ್ಪ ಇನ್ನು, ನಾನು ಕೈಯೆತ್ತಿಕೊಂಡೇ ನಿಂತಿದ್ದೆ, ಅಂದು ಸಂಜೆಯೇ ಕುತ್ತಿಗೆಯ ಮೇಲೆ ಒಂದು ತಣ್ಣನೆಯ ಅಂಗೈ.

ಹೆದರಿಸಲಿಲ್ಲ ಪಾಪ, ಜಾರಿದ ಹೊದಿಕೆ ಎಳೆದು ಹೊದಿಸುತ್ತಿತ್ತು, ನನ್ನ ಗಂಡ ಐಸಾಯ ಜರ್ಮನ್ನರ ಮೇಲಿನ ಯುದ್ಧ ಮುಗಿಸಿ ಸಮವಸ್ತ್ರದಲ್ಲೇ ಬಂದಾಗ ಬಸ್ಸಿನ ಬಿಳಿಯ ಚಾಲಕ ಏ ಹುಡುಗ, ಹಿಂದಕ್ಕೆ ಹೋಗು ಅಂದ, ನಾನು ಬಾಯಿ ತೆರೆದೆ, ಅಂಗೈ ಮೆಲ್ಲಗೆ ಒತ್ತಿತು, ಸುಮ್ಮನಿರು, ಬದುಕಿಕೋ, ಮೊದಲ ಓಟಿನ ಸಾಲಿನಿಂದ ನಾನು ಹಿಂದಿರುಗಲು ಹೊರಟಾಗ ಅದೇ ಅಂಗೈ ಮುಂದಕ್ಕೆ ತಳ್ಳಿತು, ಸೇತುವೆ ಬಂತು, ಸಿರಿವಂತರ ಗಾಲ್ಫ್ ಮೈದಾನ ಬಂತು, ಅದರ ಬೇಲಿಯೊಳಗೆ ಸಿಕ್ಕ ನಮ್ಮದೇ ಗೋರಿಗಳಿಗೆ ಹೂವಿಡಲು ಗೇಟಿನವನ ಅಪ್ಪಣೆ, ಯಾರನ್ನ ನೋಡ್ಬೇಕಮ್ಮ, ಬೈನಾಳನ್ನ, ಎನ್ನುವಾಗ ನನಗೆ ನಗು, ಅವಳು ಅಲ್ಲೆಲ್ಲಿದ್ದಾಳೆ, ನಮ್ಮ ಬಣ್ಣದವನೊಬ್ಬ ಅಧ್ಯಕ್ಷನಾಗಿ ಪ್ರಮಾಣ ಮಾಡಿದಾಗ ಐಸಾಯ ಇಲ್ಲ, ವಯೋಲಾ ಇಲ್ಲ, ಟಿವಿಯ ಮುಂದೆ ನಾನು ಮತ್ತು ಆ ಅಂಗೈ — ಇವತ್ತು ಬೆಳಗಿನಿಂದ ಕುತ್ತಿಗೆ ಬೆಚ್ಚಗಿದೆ, ಬೈನಾ ಒಂದು ಹೆಜ್ಜೆ ಹಿಂದೆ ಸರಿದಿದ್ದಾಳೆ, ಯಾರಿಗೋ ಜಾಗ ಬಿಟ್ಟವಳಂತೆ, ಲಟೋನ್ಯ, ಒಂದು ಮಾತು ಕಣೆ, ನಾನು ಸತ್ತಾಗ ಈ ಮಗೂನ — ಶ್, ಹುಟ್ಟಿದ ದಿನ ಸಾಯೋ ಮಾತಾ, ಇನ್ನೂ ನೂರು ವರ್ಷ ನಮ್ಮ ತಲೆ ತಿನ್ನೋಳು ನೀನು, ಹೂಂ, ಮಗೂನ ಏನಜ್ಜಿ — ಹೇಳಿದರೆ ಸಾಕು, ನಾಯಾ ನನ್ನಿಂದ ಪಾರಾಗುತ್ತಾಳೆ, ನಾನು ಒಬ್ಬಳೇ ಹೋಗುತ್ತೇನೆ, ಮಗುವಿನ ನೆತ್ತಿಯಲ್ಲಿ ಹಾಲಿನ ವಾಸನೆ, ಇವಳಿಗೆ ಯಾರು ಹೊದಿಸುತ್ತಾರೆ, ಹಿಂದಿರುಗಲು ಹೊರಟಾಗ ಯಾರು ತಳ್ಳುತ್ತಾರೆ — ಏನಿಲ್ಲ ಕಣೆ, ಪೈ ಚೆನ್ನಾಗಿದೆ, ಕೊಡಜ್ಜಿ ಮಗೂನ, ನಿಂಗೆ ಭಾರ, ಲಟೋನ್ಯ ಎರಡೂ ಕೈ ಚಾಚಿದ್ದಾಳೆ, ಆಚೆ ಬದಿಯಲ್ಲಿ ಚಾಚಿದ ಕೈ, ನಾನು ಎತ್ತಿ ಕೊಡುತ್ತಿಲ್ಲ, ಬಿಡಜ್ಜಿ, ಅಯ್ಯೋ, ಯಾಕೆ ನಿನ್ನ ಕೈ ಇಷ್ಟು ತಣ್ಣಗಿದೆ, ನೋಡುತ್ತೇನೆ, ನನ್ನದೇ ಅಂಗೈ, ಮಗುವಿನ ಕುತ್ತಿಗೆಯ ಮೇಲೆ, ಮಗು ಈಗ ನನ್ನನ್ನೇ ನೋಡಿ ನಗುತ್ತಿದೆ, ಲಟೋನ್ಯಳ ಚಾಚಿದ ಎರಡು ಕೈ, ಬರಿದು, ಚಾಚಿದ ಎರಡು ಕೈ —