ಗಿಳಿಬಾಗಿಲು

ಕೆರೆಯ ಆಚೆ ದಡದಲ್ಲಿ ಎರಡು ಮೋಟು ಕಲ್ಲುಗಂಬಗಳು ನಿಂತಿದ್ದವು. ಒಂದರ ನೆತ್ತಿಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡಿತ್ತು, ಇನ್ನೊಂದು ಖಾಲಿಯಾಗಿತ್ತು. ದೋಣಿಕಟ್ಟೆಯಲ್ಲಿ ನಮ್ಮ ಸರದಿಗೆ ಕಾಯುತ್ತ ನಾನು ನೋಡುತ್ತಿದ್ದುದು ಅದನ್ನೇ. ನನ್ನ ಪಕ್ಕದಲ್ಲಿ ಅಣ್ಣ ಗಾಳಿಗೆ ಮುಖವೊಡ್ಡಿ ನಿಂತಿದ್ದ. ಅವನಾಚೆ ಅತ್ತಿಗೆ, ಬುತ್ತಿಯ ಚೀಲವನ್ನು ಎದೆಗವಚಿಕೊಂಡು.

ಆ ಜಾಗ ಈಗ ಸರ್ಕಾರದ ಉದ್ಯಾನ. ಸುತ್ತ ಬೇಲಿ ಹಾಕಿ, ಕೆರೆಗೆ ದೋಣಿ ಬಿಟ್ಟು, ಗುಡ್ಡ ಹತ್ತುವವರಿಗೆಂದು ಕಾಲುದಾರಿ ಸವರಿ, ತಿರುವುಗಳಲ್ಲಿ ಬಾಣದ ಗುರುತಿನ ಹಲಗೆ ನೆಟ್ಟಿದ್ದರು. ಅಣ್ಣ ಮೊದಲು ಕಂಡಾಗ ಅದು ಬರೀ ಹಾಳು ಕೋಟೆ. ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮದುವೆಗೂ ಮುಂಚೆ, ಅವನು ಒಂದಿಡೀ ಬೇಸಿಗೆ ಅಲ್ಲಿ ಡೇರೆ ಹಾಕಿಕೊಂಡು ಕೋಟೆಯನ್ನು ಅಳೆದು ಕಾಗದಕ್ಕಿಳಿಸಿದ್ದ. ಮದುವೆಯಾದ ಮೇಲೆ ಮನೆಯಲ್ಲಿ ಅದೇ ಮಾತು. ಕೆರೆಯ ಬಾಗಿಲಿನ ಕಮಾನಿನ ಮೇಲೆ ಎರಡು ಕಲ್ಲಿನ ಗಿಳಿಗಳಿವೆ, ಮುಳುಗುವ ಸೂರ್ಯನ ಬೆಳಕು ಅವುಗಳ ಕೊಕ್ಕಿನ ನಡುವೆ ಬೀಳುತ್ತದೆ, ಅದನ್ನು ನೀನು ನೋಡಬೇಕು ಪಂಕಜಾ ಎಂದು ಹೇಳುತ್ತಲೇ ಇದ್ದ.

"ಈ ಸಲ ಹೋಗೋಣ ಕಣೇ."

"ಈ ಸಲ ಹ್ಯಾಗಾಗುತ್ತೆ? ಅಮ್ಮ ಹಾಸಿಗೆ ಹಿಡಿದಿದ್ದಾರೆ."

ಅಮ್ಮನ ನಂತರ ನನ್ನ ಪರೀಕ್ಷೆಗಳು ಬಂದವು. ಆಮೇಲೆ ಅವರ ಮಗಳ ಬಾಣಂತನ. ಯಾವುದೂ ಇಲ್ಲದ ವರ್ಷ ಮಾವಿನಮಿಡಿ ಬಂದು ಕೂತಿರುತ್ತಿತ್ತು, ಉಪ್ಪಿನಕಾಯಿ ಹಾಕಬೇಕಿತ್ತು. ಅತ್ತಿಗೆ ಸುಳ್ಳು ನೆವ ಹೇಳಿದವರಲ್ಲ. ಆ ಮನೆಯ ಕೆಲಸ ಅವರ ಕೈ ಬಿಟ್ಟು ಬೇರೆ ಕೈಗೆ ಹೋಗುತ್ತಿರಲಿಲ್ಲ, ಅಷ್ಟೆ. ಅಣ್ಣನೂ ಮುನಿಸಿಕೊಳ್ಳದೆ "ಕೋಟೆ ಎಲ್ಲಿಗೂ ಹೋಗಲ್ಲ ಬಿಡು" ಎಂದು ನಕ್ಕು ಸುಮ್ಮನಾಗುತ್ತಿದ್ದ.

ಹಾಗೆ ಸುಮ್ಮನಾಗುತ್ತ ಅವನು ನಿವೃತ್ತನಾದ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆಯೆಂದು ವೈದ್ಯರು ಹನಿ ಬರೆದುಕೊಟ್ಟರು. ಹನಿಯಿಂದ ಎಷ್ಟೋ ವಾಸಿಯೆಂದು ನಮಗೆಲ್ಲ ಅವನೇ ಹೇಳುತ್ತಿದ್ದ. ನಾನು ಬೇರೆ ಊರಿನಲ್ಲಿದ್ದೆ. ರಜೆಗೆ ಬಂದಾಗ ನೋಡಿದರೆ ಎಂದಿನಂತೆ ಪತ್ರಿಕೆ ಹಿಡಿದು ಜಗಲಿಯಲ್ಲಿ ಕೂತಿರುತ್ತಿದ್ದ. ಆ ಸಲ ನಾನು ಬಂದ ದಿನವೇ ಅತ್ತಿಗೆ ತಾವಾಗಿ ಹೇಳಿದರು, "ನಿಮ್ಮಣ್ಣನ ಕೋಟೆಗೆ ಹೋಗಿಬರೋಣ ಕಣೋ. ನೀನೂ ಜೊತೆಗಿರು." ಮಾವಿನಮಿಡಿ ಬುಟ್ಟಿಯಲ್ಲೇ ಉಳಿಯಿತು. ನನಗೆ ಆಶ್ಚರ್ಯವಾಯಿತೇ ಹೊರತು ಕಾರಣ ಕೇಳಬೇಕೆನ್ನಿಸಲಿಲ್ಲ.

ದೋಣಿ ನಡೆಸುವವನು ದಸ್ತಗೀರ್ ಸಾಬಿ ಎಂಬ ಮುದುಕ. ಹತ್ತುವಾಗ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು "ಪಾಚಿ ಜಾರುತ್ತೆ, ಹುಷಾರು" ಎಂದ. ನನಗೆ ಹುಷಾರು ಹೇಳುತ್ತಿದ್ದಾನೆಂದುಕೊಂಡೆ. ನೀರಿನ ಮೇಲೆ ಹೋಗುತ್ತಿದ್ದಂತೆ ಅವನ ಮಾತಿಗೆ ಎಲ್ಲಿಲ್ಲದ ಹುರುಪು ಬಂತು. ಎಡಗಡೆ ಆನೆಲಾಯ, ಅದರ ಮೇಲುಗಡೆ ಬುರುಜು. ಅವನು ತೋರಿಸಿದ ಕಡೆಯೆಲ್ಲ ಅವು ಇದ್ದವು. ನಡುಗೆರೆ ದಾಟಿದ ಮೇಲೆ ಅವನು ತೋಳು ಚಾಚಿ ನೇರ ಎದುರಿಗೆ ತೋರಿಸಿದ.

"ನೋಡು ಪಂಕಜಾ, ಗಿಳಿಬಾಗಿಲು! ಕಮಾನು ನೋಡು, ಒಂದೇ ಕಲ್ಲಿನ ಹಾಗಿಲ್ವೇ? ಗಿಳಿಗಳು ಕಂಡವಾ?"

ಎದುರಿಗೆ ಕಮಾನಿರಲಿಲ್ಲ. ಎರಡು ಮೋಟು ಕಂಬಗಳು, ಅವುಗಳ ನಡುವೆ ಬರೀ ಆಕಾಶ. ನೀರುಕಾಗೆ ಇನ್ನೂ ರೆಕ್ಕೆ ಬಿಚ್ಚಿಕೊಂಡೇ ಕೂತಿತ್ತು.

"ಅಯ್ಯೋ ಸ್ವಾಮೀ, ಆ ಕಮಾನು ಯಾವಾಗ್ಲೋ..." ಎಂದು ದಸ್ತಗೀರ್ ಬಾಯಿ ತೆರೆದ. ಅತ್ತಿಗೆ ತಟ್ಟನೆ ಅವನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವನು ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಅತ್ತಿಗೆಯ ಮುಖ ನೋಡಿದೆ.

"ಯಾವಾಗ್ಲೋ ಏನು?" ಎಂದ ಅಣ್ಣ.

"ಯಾವಾಗ್ಲೋ ಕಟ್ಟಿದ್ದು ಅಂತಾನೆ," ಎಂದರು ಅತ್ತಿಗೆ, "ಕಂಡವು ಕಣ್ರೀ. ಎಷ್ಟು ಚೆನ್ನಾಗಿವೆ! ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿವೆ."

"ತಾಗಲ್ಲ. ಒಂದು ಬೆರಳಿನಷ್ಟು ಜಾಗ ಇದೆ. ಬೆಳಕು ಬರೋದೇ ಅಲ್ಲಿಂದ."

"ಹೌದು ಹೌದು. ಈಗ ಕಾಣ್ತು."

ದಸ್ತಗೀರ್ ತಲೆ ತಗ್ಗಿಸಿ ಹುಟ್ಟು ಹಾಕಿದ.

ದಡಕ್ಕಿಳಿದು ಕಾಲುದಾರಿ ಹತ್ತತೊಡಗಿದೆವು. ಅತ್ತಿಗೆ ಚೊಂಬಿಗೆ ನೀರು ತುಂಬಿಕೊಳ್ಳಲು ನಲ್ಲಿಯ ಬಳಿ ಹಿಂದುಳಿದರು. ಅಣ್ಣ ಬಿರಬಿರನೆ ಮುಂದೆ ನಡೆದ. ದಾರಿ ಬಲಕ್ಕೆ ತಿರುಗುವಲ್ಲಿ, ಬಾಣದ ಹಲಗೆ ಇರುವಲ್ಲೇ, ಅವನು ನೇರ ಹೋಗಿ ಬೇಲಿಗೆ ಡಿಕ್ಕಿ ಹೊಡೆದ. ಓಡಿಹೋಗಿ ಹಿಡಿದುಕೊಂಡೆ. ಅಂಗೈ ತರಚಿತ್ತು. ಅವನು ನನ್ನ ಮುಖದ ಕಡೆ ತಿರುಗಿದ. ಆದರೆ ಅವನ ನೋಟ ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು.

"ಮುಂಚೆ ದಾರಿ ನೆಟ್ಟಗೆ ಹೋಗ್ತಿತ್ತು," ಎಂದ. ಆಮೇಲೆ ದನಿ ತಗ್ಗಿಸಿ, "ಅವಳು ನೋಡಿದಳಾ?"

"ಇಲ್ಲ. ಅಣ್ಣ, ನಿನಗೆ..."

"ಬೆಳಕು ಯಾವ ಕಡೆ ಅಂತ ತಿಳಿಯುತ್ತೆ. ಅಷ್ಟೇ ಉಳಿದಿರೋದು. ಅವಳಿಗೆ ಹೇಳಬೇಡ ಕಣೋ, ನಿನ್ನ ದಮ್ಮಯ್ಯ. ಇಷ್ಟು ವರ್ಷ ಕರೆದಾಗ ಬರಲಿಲ್ಲ ಅಂತ ಅವಳು ಕೊರಗಿ ಕೊರಗಿ ಸಾಯ್ತಾಳೆ. ನಾನು ನೋಡಾಯ್ತಲ್ಲ, ಈಗ ಅವಳು ನೋಡಲಿ."

ದೋಣಿಯಲ್ಲಿ ಅತ್ತಿಗೆ ತುಟಿಯ ಮೇಲಿಟ್ಟ ಬೆರಳು ಆಗ ಅರ್ಥವಾಯಿತು. ಅಣ್ಣನನ್ನು ಒಂದು ಬಂಡೆಯ ಮೇಲೆ ಕೂರಿಸಿ ಕೆಳಗಿಳಿದು ಬಂದೆ. ಅತ್ತಿಗೆ ಚೊಂಬು ತುಂಬಿ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸದೆ ಮೇಲಿನ ತಿರುವಿನತ್ತ ನೋಡುತ್ತಿದ್ದರು.

"ಪೆಟ್ಟಾಯ್ತಾ?" ಎಂದರು.

"ಅಂಗೈ ತರಚಿದೆ. ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಹೋದ ದೀಪಾವಳಿಯಿಂದ. ಪೇಪರು ತಲೆಕೆಳಗಾಗಿ ಹಿಡಿದಿದ್ದರು. ನಾನು ನೋಡದವಳ ಹಾಗೆ ಒಳಗೆ ಬಂದುಬಿಟ್ಟೆ." ನಲ್ಲಿ ನಿಲ್ಲಿಸಿದರು. "ನನಗೆ ತಿಳಿದಿದೆ ಅಂತ ಗೊತ್ತಾದ ದಿನ ಅವರು ಮೂಲೆ ಹಿಡಿದುಬಿಡ್ತಾರೆ. ಈಗ ನೋಡು, ಹ್ಯಾಗೆ ಎದೆ ಸೆಟೆಸಿಕೊಂಡು ನಡೀತಿದ್ದಾರೆ. ಅದು ಹೋಗಬಾರದು. ಅವರು ತೋರಿಸ್ತಾರೆ, ನಾನು ನೋಡ್ತೀನಿ." ಚೊಂಬು ಎತ್ತಿಕೊಳ್ಳುತ್ತ, "ಕಣ್ಣಿದ್ದಾಗ ಕರೆದರು. ನಾನು ಉಪ್ಪಿನಕಾಯಿ ಹಾಕ್ತಾ ಕೂತೆ," ಎಂದರು.

ಮೇಲೆ ಹೋದಾಗ ಅಣ್ಣ ಅಂಗೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡಿದ್ದ. ಅತ್ತಿಗೆ ಅದನ್ನು ಕಂಡೂ ಕಾಣದವರಂತಿದ್ದರು.

ಗುಡ್ಡದ ನೆತ್ತಿಗೆ ಹೋಗಬೇಕಾದರೆ ಕೋಟೆಗೋಡೆಯ ಒಳಗಿನ ಹಾದಿಯೊಂದನ್ನು ಹಾಯಬೇಕು. ಶತ್ರುಗಳು ಒಮ್ಮೆಗೇ ನುಗ್ಗದಿರಲೆಂದು ಸೊಟ್ಟಸೊಟ್ಟಗೆ ಕಟ್ಟಿದ್ದು. ಮೊದಲ ತಿರುವಿನಲ್ಲೇ ಹೊರಗಿನ ಬೆಳಕು ಕಡಿದುಹೋಗಿ ಕಗ್ಗತ್ತಲಾಯಿತು. ಬಾವಲಿಯ ವಾಸನೆ. ನಾನು ಗೋಡೆ ತಡವುತ್ತ ನಿಂತುಬಿಟ್ಟೆ.

"ಏನೂಂದ್ರೆ, ನನಗೆ ಹೆದರಿಕೆಯಾಗ್ತಿದೆ," ಎಂಬ ಅತ್ತಿಗೆಯ ದನಿ ಕೇಳಿಸಿತು. "ಏನೂ ಕಾಣ್ತಿಲ್ಲ."

"ನನ್ನ ಕೈ ಹಿಡ್ಕೋ."

ಬಳೆಗಳ ಸದ್ದಾಯಿತು. ಆಮೇಲೆ ಅಣ್ಣನ ದನಿ ಮುಂದೆ ಮುಂದೆ ಸಾಗಿತು. "ಇಲ್ಲಿ ಮೂರು ಮೆಟ್ಟಿಲು. ಈಗ ಎಡಕ್ಕೆ. ತಲೆ ತಗ್ಗಿಸು, ತೊಲೆ ಇದೆ. ಇಲ್ಲಿ ಗೋಡೆ ಮುಟ್ಟು, ತಣ್ಣಗಿದೆಯಾ? ಇದರ ಹಿಂದೆ ನೀರಿನ ತೊಟ್ಟಿ." ಒಂದು ಸಲವೂ ತಡವರಿಸಲಿಲ್ಲ. ಆ ಕತ್ತಲೆಯಲ್ಲಿ ಎಡವುತ್ತಿದ್ದವನು ನಾನೊಬ್ಬನೇ. ಅವನು ಏನೋ ಪಿಸುಗುಟ್ಟಿದ. ಅತ್ತಿಗೆ ನಕ್ಕರು. ಚಿಕ್ಕಂದಿನಿಂದ ಅವರ ಕೈಯ ಅನ್ನ ಉಂಡು ಬೆಳೆದ ನಾನು ಆ ಬಗೆಯ ನಗುವನ್ನು ಮನೆಯಲ್ಲಿ ಕೇಳಿರಲೇ ಇಲ್ಲ.

ಕೊನೆಯ ತಿರುವು ಕಳೆಯಿತು. ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಅತ್ತಿಗೆ ಬೆಳಕಿಗೆ ಕಾಲಿಟ್ಟವರು ಒಂದು ಕ್ಷಣ ನಿಂತು, ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡರು. ಅಣ್ಣನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಆಮೇಲೆ ಅವನೂ ಅದನ್ನು ಬೆನ್ನಹಿಂದೆ ಕಟ್ಟಿಕೊಂಡು, "ಎಂಥಾ ನೋಟ ನೋಡು!" ಎಂದು ಬಯಲಿನತ್ತ ಮುಖ ಮಾಡಿ ನಿಂತ.

ಮನೆಗೆ ಮರಳಿದ ಮೇಲೂ ಇಬ್ಬರೂ ಹಾಗೆಯೇ ನಡೆದುಕೊಂಡರು. ಅವನು ಪತ್ರಿಕೆ ಹಿಡಿಯುತ್ತಿದ್ದ. ಅತ್ತಿಗೆ ಅದನ್ನು ಸರಿಯಾಗಿ ಮಡಚಿ, ನೆಟ್ಟಗೆ ಅವನ ಕೈಗೆ ಕೊಡುತ್ತಿದ್ದರು. ಇಬ್ಬರ ಗುಟ್ಟೂ ನನ್ನಲ್ಲೇ ಉಳಿಯಿತು. ಮರುವರ್ಷದ ಮಳೆಗಾಲದಲ್ಲಿ ಅಣ್ಣ ಎದೆನೋವೆಂದು ಮಲಗಿದವನು ಏಳಲಿಲ್ಲ.

ಬಹಳ ದಿನಗಳ ಮೇಲೆ ನಾನು ಅತ್ತಿಗೆಯನ್ನು ನೋಡಲು ಹೋದೆ. ಚಳಿಗಾಲ. ಹಿತ್ತಿಲ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನೂ ಎದುರಿಗೆ ಕೂತೆ. ಅಂದು ಬೇಲಿಯ ಬಳಿ ಅಣ್ಣ ಹೇಳಿದ್ದನ್ನೆಲ್ಲ ಆಗ ಹೇಳಿದೆ. ಅವರು ಕೊರಗುತ್ತಾರೆಂದು ಅವನು ಹೆದರಿದ್ದನ್ನೂ ಬಿಡಲಿಲ್ಲ.

"ಹಾಗಂದರಾ?" ಎಂದರು. ಕಾಯಿ ಸುಲಿಯುತ್ತಲೇ ಇದ್ದರು.

"ಕಮಾನು ನೋಡಲಿಲ್ಲ ಅಂತ ನನಗೇನೂ ಇಲ್ಲ ಕಣೋ," ಎಂದರು ಕಡೆಗೆ. "ಅವರು ಹೇಳಿ ಹೇಳಿ ನಾನು ಕಂಡದ್ದೇ ಆಗಿತ್ತು. ಆದರೆ ಕಣ್ಣು ಕಾಣೋ ಗಂಡಸನ್ನ ಹಗಲುಹೊತ್ತಿನಲ್ಲಿ ಯಾರು ಕೈ ಹಿಡಿದು ನಡೆಸ್ತಾರೆ? ಅದಕ್ಕೇ ಬೆಳಕಿಗೆ ಬಂದ ಕೂಡಲೇ ಕೈ ಬಿಟ್ಟೆ. ಬಿಡಬಾರದಿತ್ತು. ಯಾಕೆ ಅಂತ ಕೇಳಿದ್ದರೆ ನನಗೇ ಕಾಲುನೋವು ಅನ್ನಬಹುದಿತ್ತು. ಅವರೇನು ನಂಬದೆ ಇರ್ತಿದ್ದರಾ?"

ಅವರ ಬೆರಳುಗಳು ನಿಲ್ಲಲಿಲ್ಲ. ಕಾಳೂ ಸಿಪ್ಪೆಯೂ ಒಂದೇ ಮೊರಕ್ಕೆ ಬೀಳುತ್ತಿದ್ದವು. ನಾನು ಮೊರವನ್ನು ಸದ್ದಿಲ್ಲದೆ ನನ್ನ ಕಡೆಗೆ ಎಳೆದುಕೊಂಡು, ಒಂದೊಂದೇ ಸಿಪ್ಪೆಯನ್ನು ಆರಿಸಿ ಪಕ್ಕಕ್ಕಿಡತೊಡಗಿದೆ.