ಕ್ಯಾಮೆರಾದಲ್ಲಿ ಕಂಡ ಕೈ

ಇಂಗಿನ ಒಗ್ಗರಣೆಯ ವಾಸನೆ ಬಂದರೆ ನನಗೆ ಇಂದಿಗೂ ಪರೀಕ್ಷೆಯ ಬೆಳಗುಗಳೇ ನೆನಪಾಗುತ್ತವೆ. ಮೈಸೂರಿನಲ್ಲಿ ಅಮ್ಮ ಆ ದಿನಗಳಲ್ಲಿ ಬೇಗ ಎದ್ದು ಮೊಸರನ್ನ ಕಲಸುತ್ತಿದ್ದಳು. ಬರಿಹೊಟ್ಟೆಯಲ್ಲಿ ಕೂತರೆ ಓದಿದ್ದು ಕೈಕೊಡುತ್ತದೆ ಎಂಬುದು ಅವಳ ನಂಬಿಕೆ.

ಆ ಸೋಮವಾರ ಅಮೆರಿಕದ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಅದೇ ವಾಸನೆ. ಮಗಳು ನಿರುಪಮಾ ಆಫೀಸಿಗೆ ಹೋಗಿದ್ದಳು. ನನ್ನ ಕೋಣೆಯಲ್ಲಿ ಕೆಳಮನೆಯ ಅನುಶ್ರೀ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಧಾರವಾಡದ ಹುಡುಗಿ. ಕೆಲಸ ಹೋಗಿತ್ತು, ಬೇರೆ ಕೆಲಸ ಹುಡುಕಲು ವೀಸಾ ಕೊಡುವ ಅರವತ್ತು ದಿನಗಳಲ್ಲಿ ಹನ್ನೊಂದು ಉಳಿದಿದ್ದವು. ಅವಳು ಆನ್‌ಲೈನಿನಲ್ಲಿ ಕಲಿತ ಒಂದು ಕೋರ್ಸಿನ ಪರೀಕ್ಷೆ ಅಂದು; ಅದರ ಸರ್ಟಿಫಿಕೇಟ್ ತೋರಿಸಿದರೆ ಗುರುವಾರ ಇಂಟರ್‌ವ್ಯೂ ಎಂದು ಒಂದು ಕಂಪನಿ ಹೇಳಿತ್ತು. ಅವಳ ಮನೆಯಲ್ಲಿ ಮೂವರು ರೂಮ್‌ಮೇಟುಗಳ ಗದ್ದಲ, ಅದಕ್ಕೇ ನನ್ನ ಕೋಣೆ.

"ಪಾಠ ಎಲ್ಲಾ ಫ್ರೀ ಅದಾವ್ರಿ ಆಂಟಿ. ಇಂಥ ಪ್ರೊಫೆಸರ್ ಮುಖಾ ನಾ ಎಲ್ಲಿ ನೋಡ್ತಿದ್ದೆ? ಆದ್ರ ಪರೀಕ್ಷಾದಾಗ ಮೂರು ತಾಸು ಕ್ಯಾಮೆರಾಕ್ಕ ನಾ ಒಬ್ಬಾಕಿನ ಕಾಣ್ಬೇಕು. ನೀವೂ ಒಳಗ ಬರಬ್ಯಾಡ್ರಿ," ಎಂದು ಶುರುವಾಗುವ ಮೊದಲೇ ಹೇಳಿದ್ದಳು.

"ಮೂವತ್ತು ವರ್ಷ ಕಾಲೇಜಲ್ಲಿ ಪರೀಕ್ಷೆ ಕೊಠಡಿ ಕಾದವಳು ಕಣೇ ನಾನು. ನನಗೇ ಹೇಳ್ತೀಯಾ?" ಎಂದು ನಕ್ಕಿದ್ದೆ.

ಎರಡು ಗಂಟೆ ಕಳೆಯಿತು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಹಣೆ ಒತ್ತಿಕೊಳ್ಳುತ್ತಿದ್ದಳು. ನಾನು ಕಾಣಬಾರದು, ಅಷ್ಟೇ ತಾನೆ? ಮಂಡಿನೋವು ಮರೆತು, ಬಗ್ಗಿಕೊಂಡು ಗೋಡೆ ಹಿಡಿದು ಹೋಗಿ, ಮೊಸರನ್ನದ ಸ್ಟೀಲ್ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದೆ. ಕ್ಯಾಮೆರಾಕ್ಕೆ ಎರಡು ಬಳೆ ತೊಟ್ಟ ಒಂದು ಕೈ ಕಂಡಿತು.

ಪರದೆ ಬೆಳ್ಳಗಾಯಿತು. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ, ಪರೀಕ್ಷೆ ರದ್ದು, ಮೂವತ್ತು ದಿನಗಳ ನಂತರ ಮತ್ತೆ ಬರೆಯಬಹುದು ಎಂದಿತ್ತು.

ಅನುಶ್ರೀ ಅಳಲಿಲ್ಲ. "ಅಷ್ಟೊತ್ತಿಗೆ ನಾ ಈ ದೇಶದಾಗ ಇರಂಗಿಲ್ರಿ," ಎಂದಳು.

ಮನವಿ ಬರೆದಳು. ನಿಮಿಷದೊಳಗೆ ಯಂತ್ರದ ಉತ್ತರ ಬಂತು: ಅದೇ ನಿಯಮ, ಅದೇ ಮಾತು. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡಳು. ಬಾಗಿಲ ಬಳಿ ನಿಂತು, ಹಿಂದಿರುಗಿ ಬಂದು, ಆ ಡಬ್ಬಿಯನ್ನೂ ತೆಗೆದುಕೊಂಡು ಹೋದಳು.

ತಪ್ಪು ನನ್ನದು, ಹುಡುಗಿಯದಲ್ಲ ಎಂದು ಆ ಪ್ರೊಫೆಸರಿಗೆ ಎರಡು ಪುಟ ಬರೆದೆ. ಸಂಜೆ ನಿರುಪಮಾ ಎಷ್ಟು ಹುಡುಕಿದರೂ ಕಳಿಸಲು ವಿಳಾಸ ಸಿಗಲಿಲ್ಲ. ಎಪ್ಪತ್ತು ಸಾವಿರ ವಿದ್ಯಾರ್ಥಿಗಳಿರುವ ತರಗತಿ. ಹೋಗಿ ಬಾಗಿಲು ತಟ್ಟಲು ಒಂದು ಸ್ಟಾಫ್ ರೂಮ್ ಇಲ್ಲ.

"ಒಂದು ತುತ್ತಾದ್ರೂ ತಿನ್ನಮ್ಮ," ಎಂದಳು ಮಗಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಮರುದಿನ ಬೆಳಿಗ್ಗೆಯೂ ಏನೂ ತಿನ್ನಲಿಲ್ಲ.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅನುಶ್ರೀ. ಕಣ್ಣು ಊದಿದ್ದವು, ಕೂದಲು ಬಾಚಿರಲಿಲ್ಲ. ಅವಳ ಕೈಯಲ್ಲಿ ನನ್ನದೇ ಡಬ್ಬಿ, ತೊಳೆದು ಒರೆಸಿದ್ದು. ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವ ರೂಢಿ ಅವಳ ಊರಿನಲ್ಲೂ ಇಲ್ಲ, ನನ್ನ ಊರಿನಲ್ಲೂ ಇಲ್ಲ. ಆದರೆ ಇಂಥ ದಿನವೂ ಆ ರೂಢಿಯೇ?

ನಾನು ಬಾಯಿ ತೆರೆಯುವ ಮೊದಲೇ ಅದನ್ನು ನನ್ನ ಎರಡೂ ಕೈಗಳಲ್ಲಿಟ್ಟಳು. ಡಬ್ಬಿ ತುಂಬಿತ್ತು, ಬಿಸಿಯಾಗಿತ್ತು. ಮುಚ್ಚಳದ ಮೇಲೆ ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ.