ಕೈಯಿಂದ ಕೈಗೆ

ನನ್ನ ಗಂಡ ರಸೆಲ್ ಸತ್ತ ಮೇಲೆ ನಾನು ಮೊದಲ ಸಲ ತವರಿಗೆ ಹೋದದ್ದು ಕೌದಿ ಹೊಲಿಯುವ ದಿನ. ಅಮ್ಮ ಹೇಳಿಕಳಿಸಿದ್ದಳು. ಅವಳ ಮನೆಯಲ್ಲಿ ಫೋನಿಲ್ಲ. ನಮ್ಮವರನ್ನು ಬಾಡಿಗೆಗೆ ಪೇಟೆಗೆ ಕರೆದೊಯ್ಯುವ ಕಾರಿನವನು ನನ್ನ ಆಫೀಸಿನ ಬಾಗಿಲಿಗೇ ಬಂದು, "ನಿಮ್ಮಮ್ಮ ಗುರುವಾರ ಬರೋಕೆ ಹೇಳಿದ್ರು, ಕೌದಿ ಇದೆಯಂತೆ" ಎಂದು ಹೇಳಿ ಹೋದ. ಅವನು ಇಂಗ್ಲಿಷಿನವನು. ಕಾರು, ಫೋನು ಇಟ್ಟುಕೊಳ್ಳದ ನಮ್ಮ ಆಮಿಶ್ ಕ್ರೈಸ್ತ ಸಭೆಗೆ ಸೇರದವರೆಲ್ಲ ನಮ್ಮ ಮಾತಿನಲ್ಲಿ ಇಂಗ್ಲಿಷಿನವರು. ರಸೆಲ್ ಕೂಡ. ಈಗ ನಾನೂ.

ಫೆಬ್ರವರಿಯಲ್ಲಿ ಮಂಜುಗಟ್ಟಿದ ರಸ್ತೆಯಲ್ಲಿ ರಸೆಲ್‌ನ ಕಾರು ಜಾರಿತು. ಆಫೀಸಿನವರು ಹೂ ಕಳಿಸಿದರು, ರಜೆ ಕೊಟ್ಟರು. ನಮ್ಮಲ್ಲಾಗಿದ್ದರೆ ಸಾವಿನ ಮನೆಗೆ ಒಲೆ ಹಚ್ಚುವವರು, ಹಸು ಕರೆಯುವವರು, ಸುಮ್ಮನೆ ಪಕ್ಕದಲ್ಲಿ ಕೂರುವವರು ಕರೆಯದೆ ಬರುತ್ತಾರೆ. ವೂಸ್ಟರ್ ಪೇಟೆಯ ನನ್ನ ಮನೆಗೆ ಯಾರೂ ಬರಲಿಲ್ಲ. ಕೆಟ್ಟವರೇನಲ್ಲ. ಬಂದರೆ ನನಗೆ ತೊಂದರೆಯಾದೀತು ಎಂದುಕೊಂಡರು.

ಕಾರನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸಿ ಒಳಗೆ ಹೋದೆ. ಚೌಕಟ್ಟಿಗೆ ಬಿಗಿದ ಕೌದಿಯ ಸುತ್ತ ಹೆಂಗಸರು ಕೂತಿದ್ದರು. ಅಕ್ಕ ಲೊವೀನಾ ಸರಿದು ಜಾಗ ಬಿಟ್ಟಳು. ಎದುರಿಗೆ ಬಿಷಪ್ಪರ ಹೆಂಡತಿ ಸವಿಲ್ಲಾ.

"ಬಾರೇ ಆಲ್ಟಾ, ಕೂತ್ಕೋ. ಯೂನಿವರ್ಸಿಟೀಲಿ ಸೂಜಿ ಹಿಡಿಯೋದನ್ನ ಮರೆಸಿಬಿಟ್ರೋ ಏನೋ!"

"ಮರೆತಿಲ್ಲ," ಎಂದೆ.

ಸ್ವಲ್ಪ ಹೊತ್ತಿಗೆ ಸವಿಲ್ಲಾ ನನ್ನ ಕಡೆಗೆ ಬಗ್ಗಿ ನೋಡಿದಳು. "ಅಯ್ಯೋ, ಇದೇನೇ ಇಷ್ಟುದ್ದ ಹೊಲಿಗೆ! ಇದನ್ನ ಹೊದ್ದು ಮಲಗಿದ ಗಂಡಸಿನ ಕಾಲ್ಬೆರಳು ಸಿಕ್ಕಿಹಾಕ್ಕೊಂಡು, ಬೆಳಿಗ್ಗೆ ಕೌದಿ ಎಳ್ಕೊಂಡೇ ಹಾಲು ಕರೆಯೋಕೆ ಹೋಗ್ಬೇಕು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. "ಆಲ್ಟಾ, ದಾರ ಪೋಣಿಸು," ಎಂದು ಸೂಜಿಯನ್ನು ನನ್ನತ್ತ ಚಾಚಿದಳು. ಅವಳು ನನಗೆ ಕೊಡಬಹುದು. ನನ್ನ ಕೈಯಿಂದ ತೆಗೆದುಕೊಳ್ಳುವಂತಿಲ್ಲ. ದೊಡ್ಡವರಾದ ಮೇಲೆ ಮಾತು ಕೊಟ್ಟು ಸಭೆಗೆ ಸೇರುವ ದೀಕ್ಷಾಸ್ನಾನಕ್ಕೆ ಮೊದಲೇ ಊರು ಬಿಟ್ಟಿದ್ದರೆ ಮನೆಯವರಿಗೆ ದುಃಖವಷ್ಟೇ ಆಗುತ್ತಿತ್ತು. ನಾನು ಆಮೇಲೆ ಓದಲೆಂದು ಬಿಟ್ಟವಳು, ಹಾಗಾಗಿ ಬಹಿಷ್ಕಾರ. ನಾನು ಕೆಳಗಿಡಬೇಕು, ಅವಳು ಅಲ್ಲಿಂದ ಎತ್ತಿಕೊಳ್ಳಬೇಕು. ಲೋಟವೋ ತಟ್ಟೆಯೋ ಆದರೆ ಕಷ್ಟವಿಲ್ಲ. ಇದು ಸೂಜಿ.

ಕಡುನೀಲಿ ಬಟ್ಟೆಯ ಮೇಲೆ ಇಟ್ಟೆ. ಅಮ್ಮ ಅಂಗೈಯಿಂದ ಬಟ್ಟೆ ಸವರುತ್ತಾ ಹುಡುಕಿದಳು.

"ಎಡಕ್ಕಮ್ಮ," ಎಂದಳು ಲೊವೀನಾ. "ಇನ್ನೂ ಎಡಕ್ಕೆ. ದಾಟಿ ಹೋದೆ."

ಸೂಜಿ ಚುಚ್ಚಿದಾಗ ಸಿಕ್ಕಿತು. ಅಮ್ಮ ಬೆರಳನ್ನು ಬಾಯಿಗಿಟ್ಟುಕೊಂಡಳು.

"ನನಗೆ ಕೊಡಮ್ಮ, ನಾನು ಪೋಣಿಸ್ತೀನಿ. ಕೈಗೇ ಕೊಡ್ತೀನಿ," ಎಂದಳು ಲೊವೀನಾ.

"ಬೇಡ," ಎಂದಳು ಅಮ್ಮ. "ಅವಳೇ ಪೋಣಿಸ್ಲಿ."

ಬೆಳಗಿನ ಹೊತ್ತೆಲ್ಲ ಹಾಗೇ ನಡೆಯಿತು.

ಊಟಕ್ಕೆ ಎರಡು ಮೇಜು ಜೋಡಿಸಿ ಮೇಲೆ ಒಂದೇ ಬಟ್ಟೆ ಹಾಸಿದ್ದರು. ಬಹಿಷ್ಕಾರ ಇರುವವರ ಮೇಜಿನಲ್ಲಿ ಉಳಿದವರು ಉಣ್ಣುವಂತಿಲ್ಲ, ಹಾಗಾಗಿ ಮೇಜುಗಳ ನಡುವೆ ಗೇಣಗಲ ಸಂದು. ಅಲ್ಲಿ ಬಟ್ಟೆ ಜೋತುಬಿದ್ದಿತ್ತು. ಸಂದಿನ ಆಚೆ ಕೂತು ನಾನು ಕೋಳಿಸಾರಿನ ಶಾವಿಗೆ ಉಂಡೆ. ಅಮ್ಮ ಈಚೆ, ಬಟ್ಟೆ ಜೋತ ಕಡೆಯೇ ಕೂತಿದ್ದಳು.

ಊಟವಾದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ತಟ್ಟೆ ತೊಳೆದು ಕಟ್ಟೆಯ ಮೇಲೆ ಇಡುತ್ತಿದ್ದೆ, ಅವಳು ಎತ್ತಿ ಒರೆಸುತ್ತಿದ್ದಳು.

"ಈ ಭಾನುವಾರ ಪ್ರಾರ್ಥನೆ ಸಭೆ ಲೊವೀನಾ ಮನೇಲಿ," ಎಂದಳು. "ಬಿಷಪ್ಪರ ಹತ್ರ ಮಾತಾಡಿದೀನಿ."

"ಏನಂದ್ರು?"

"ಮಂಡಿಯೂರಿದ್ರೆ ಸಾಕು ಅಂದ್ರು. ಈಗ ದಾರಿ ಸುಗಮ ಆಗಿದೆಯಂತೆ."

ಸುಗಮ ಅಂದರೆ ರಸೆಲ್ ಇಲ್ಲ ಎಂದು. ಅಮ್ಮ ಅದನ್ನು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದಳು.

ಮಂಡಿಯೂರಿದರೆ ಏನಾಗುತ್ತದೆಂದು ನನಗೆ ಗೊತ್ತು. ಬಿಷಪ್ ಕೈ ಕೊಟ್ಟು ಎಬ್ಬಿಸುತ್ತಾರೆ. ಸವಿಲ್ಲಾ ಬಂದು ಮುತ್ತಿಡುತ್ತಾಳೆ. ಆಮೇಲೆ ಸೂಜಿಯನ್ನು ಅಮ್ಮನ ಬೆರಳಿಗೇ ಕೊಡಬಹುದು. ಮಹಡಿಯ ಮೇಲೆ ನನ್ನ ಮಂಚ ಈಗಲೂ ಇತ್ತು. ನನಗೆ ಅದೆಲ್ಲ ಬೇಕಿತ್ತು. ರಸೆಲ್‌ನನ್ನು ಮಣ್ಣು ಮಾಡಿದ ದಿನದಿಂದ ಯಾರೂ ನನ್ನನ್ನು ಮುಟ್ಟಿರಲಿಲ್ಲ.

"ಏನು ಹೇಳ್ಬೇಕು ಅಲ್ಲಿ?"

"ಲೋಕದ ಹಿಂದೆ ಹೋದೆ, ಪಾಪ ಮಾಡ್ದೆ, ಕ್ಷಮಿಸಿ ಅಂತ. ಅಷ್ಟೇ."

"ಓದಿದ್ದು ಪಾಪ ಅಂತೀನಿ. ಕಾರು ಮಾರಿಬಿಡ್ತೀನಿ. ರಸೆಲ್?"

"ಅವನ ಸುದ್ದಿ ಯಾರೂ ಎತ್ತಲ್ಲ."

"ಎತ್ತದಿದ್ರೂ ಅವನೂ ಆ ಪಾಪದಲ್ಲಿ ಸೇರ್ತಾನಲ್ವಾ?"

ಅಮ್ಮ ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಸೇರ್ತಾನೆ."

"ಆಮೇಲೆ ಈ ಮನೇಲಿ ಅವನ ಹೆಸರು ಹೇಳ್ಬಹುದಾ?"

"ಯಾಕೆ ಹೇಳ್ಬೇಕು ಮಗಳೇ? ನಿನಗೇನು ವಯಸ್ಸಾಗಿದೆ? ಮುಂದೆ ನಮ್ಮವನೇ ಯಾರಾದ್ರೂ..."

"ಅಮ್ಮ. ಅವನು ನನ್ನ ಗಂಡ. ಒಂದು ಸಲ ಹೆಸರು ಹೇಳು. ಹೇಳಿದ್ರೆ ಭಾನುವಾರ ಬರ್ತೀನಿ."

ಅವಳು ಬಾಯಿ ತೆರೆದಳು. ನಾನು ಕಾದೆ. ಒಳಕೋಣೆಯಲ್ಲಿ ಸವಿಲ್ಲಾ ಯಾರನ್ನೋ ಛೇಡಿಸುತ್ತಿದ್ದಳು.

"ನೀನು ತೆಳ್ಳಗಾಗಿದೀಯ," ಎಂದಳು ಅಮ್ಮ.

ಕೊನೆಯ ತಟ್ಟೆ ನನ್ನ ಕೈಯಲ್ಲಿತ್ತು. ಅವಳು ಕೈ ಚಾಚಿದಳು. ಕಟ್ಟೆಯ ಕಡೆಗಲ್ಲ, ನನ್ನ ಕಡೆಗೆ. ಮರೆತು ಚಾಚಿದಳೋ, ಬೇಕೆಂದೇ ಚಾಚಿದಳೋ ನನಗೆ ಗೊತ್ತಿಲ್ಲ. ಒದ್ದೆ ಅಂಚಿನ ಹತ್ತಿರ ಅವಳ ಬೆರಳು ಬಂತು, ಚುಚ್ಚಿದ ಗುರುತುಗಳಿದ್ದವು. ತೆಗೆದುಕೊಂಡಿದ್ದರೆ ಭಾನುವಾರ ಅವಳೂ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕಾಗುತ್ತಿತ್ತು.

ತಟ್ಟೆಯನ್ನು ಕಟ್ಟೆಯ ಮೇಲಿಟ್ಟೆ.

"ಬರಲ್ಲಮ್ಮ."

ಅವಳು ಅದನ್ನು ಎತ್ತಿ ಒರೆಸಿ ಬೀರುವಿನಲ್ಲಿಟ್ಟಳು. ಹೊರಡುವಾಗ ಒಂದು ಬಾಟಲಿ ಸೇಬಿನ ಗೊಜ್ಜು ಕೊಟ್ಟಳು. ಸವಿಲ್ಲಾ ಒಳಗಿನಿಂದಲೇ, "ಮತ್ತೆ ಬಾರೇ! ಆ ಹೊಲಿಗೆ ಸಣ್ಣ ಆಗೋವರೆಗೂ ನಿನ್ನ ಬಿಡಲ್ಲ!" ಎಂದು ಕೂಗಿದಳು. ನಾನು ಭಾನುವಾರ ಬರುವುದಿಲ್ಲವೆಂದು ಅಮ್ಮ ಅವಳಿಗೆ ಇನ್ನೂ ಹೇಳಿರಲಿಲ್ಲ.

ಭಾನುವಾರ ಬೇಗ ಎಚ್ಚರವಾಯಿತು. ಬಿಸಿಲೇರಿದ ಮೇಲೆ, ಲೊವೀನಾ ಮನೆಯಲ್ಲಿ ಈಗ ಬೆಂಚುಗಳು ತುಂಬಿರುತ್ತವೆ ಎಂದುಕೊಂಡೆ. ಮೊದಲ ಹಾಡು ಮುಗಿದು ಎರಡನೆಯದು ಶುರುವಾಗುವ ಹೊತ್ತು. ಎರಡನೆಯದು ಎಲ್ಲ ಸಭೆಗಳಲ್ಲೂ ಯಾವಾಗಲೂ ಅದೇ ಹಾಡು. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಗಂಡಸೊಬ್ಬ ಒಂಟಿಯಾಗಿ ಎಳೆದು ಹಾಡುತ್ತಾನೆ. ಎರಡನೆಯ ಅಕ್ಷರಕ್ಕೆ ಎಲ್ಲರೂ ಸೇರುತ್ತಾರೆ. ಹೆಂಗಸರು ಎತ್ತಿಕೊಡುವಂತಿಲ್ಲ. ಒಬ್ಬರೇ ಹಾಡುವ ಹಾಡೂ ಅಲ್ಲ ಅದು.

ನನ್ನ ಅಡುಗೆಮನೆಯಲ್ಲಿ ನಿಂತು ಮೊದಲ ಅಕ್ಷರ ಎತ್ತಿದೆ. ಉಸಿರು ಇರುವಷ್ಟೂ ಎಳೆದೆ. ನಿಲ್ಲಿಸಿದೆ. ಉಳಿದವರು ಸೇರಬೇಕಾದ ಜಾಗ ಅದು.

ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಅಕ್ಷರವನ್ನೂ ನಾನೇ ಹಾಡಿದೆ.